ಅಳಿಸುವುದು ಚಿಕಿತ್ಸೆಯಲ್ಲ

ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದರು. ಗಣಕಯಂತ್ರದ ಭಾಗಗಳನ್ನು ಬದಲಿಸಿ ಅದರ ಕಾರ್ಯಾಚರಣಾ ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸುವಾಗ ನಮ್ಮ ಕಡತಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಕುರಿತು ಬರೆಯುತ್ತೇನೆ ಎಂದೆ. ಅವರು ಕಾಫಿ ಲೋಟವನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. “ಮೇಷ್ಟ್ರೇ, ಇದು ಸಾಹಿತ್ಯ ಸಮ್ಮೇಳನ. ನೀವು ವಚನಗಳ ಬಗ್ಗೆಯೋ ಹೊರನಾಡ ಕನ್ನಡದ ಅಳಿವು ಉಳಿವಿನ ಬಗ್ಗೆಯೋ ಬರೆಯುವಿರೆಂದು ನಂಬಿದ್ದೆವು” ಎಂದರು. “ನಾನು ಬರೆಯಲು ಹೊರಟಿರುವುದೂ ಅಳಿವು ಉಳಿವಿನ ವಿಷಯವೇ” ಎಂದು ಉತ್ತರಿಸಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಓದುಗರಾದರೂ ಕೊನೆಯವರೆಗೆ ಓದಿ ತೀರ್ಪು ಕೊಡಲಿ ಎಂಬುದು ನನ್ನ ಪ್ರಾರ್ಥನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮೇಲೆ ಆರು ವರ್ಷಗಳ ಕಾಲ ಸೇಲಂ ನಗರದ ಅಮ್ಮಾಪೇಟೆ, ಗುಗೈ ಕಡೆಯ ನೇಕಾರರ ಬೀದಿಗಳಲ್ಲಿಯೂ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಸುತ್ತಿನ ಹಳ್ಳಿಗಳಲ್ಲಿಯೂ ಅಲೆದು, ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುವ ಹಿರಿಯ ಹೆಣ್ಣುಮಕ್ಕಳ ಬಾಯಿಂದ ಸೋಬಾನೆಯ ಪದಗಳು, ಜೋಗುಳಗಳು, ಚೌಡೇಶ್ವರಿಯ ಹಬ್ಬದ ಹಾಡುಗಳು ಎಲ್ಲವನ್ನೂ ಬರೆದುಕೊಂಡೆ. ಒಟ್ಟು 140 ಹಾಡುಗಳು. ಅವುಗಳಲ್ಲಿ ಬರುವ, ನಿಘಂಟಿನಲ್ಲಿ ನನಗೆ ಸಿಗದ ಮಾತುಗಳ ಪಟ್ಟಿಯನ್ನೂ ಮಾಡಿದ್ದೆ. ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ನಾನೇ ಒಂದೊಂದಕ್ಷರವಾಗಿ ಬೆರಳಚ್ಚು ಮಾಡಿದೆ. ಮಾಡಿದ ಮೇಲೆ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ ತಿಳಿಯದು, ‘ಗಣಕಕ್ಕೆ ಸೇರಿತಲ್ಲ, ಇನ್ನು ಇವೇಕೆ’ ಎಂದು ಕೈಬರಹದ ನೋಟ್‌ಬುಕ್ಕುಗಳಲ್ಲಿ ಹೆಚ್ಚಿನವನ್ನು ಹಳೆಯ ಪೇಪರಿನವನಿಗೆ ಹಾಕಿಬಿಟ್ಟೆ.

ನಾಲ್ಕು ವರ್ಷಗಳ ಹಿಂದೆ ಯಂತ್ರ ಬಹಳ ನಿಧಾನವಾಯಿತು. ಅಂಗಡಿಯೊಂದಕ್ಕೆ ಕೊಂಡೊಯ್ದೆ. ಹೊಸ ಮದರ್‌ಬೋರ್ಡ್ ಹಾಕಿ, ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಹೊಸ ಯಂತ್ರದಂತೆಯೇ ಓಡುತ್ತದೆ, ಹಳೆಯ ಡಿಸ್ಕಿಗೆ ಒಂದಿಷ್ಟು ಬೆಲೆ ಕಳೆದುಕೊಳ್ಳುತ್ತೇವೆ ಎಂದರು. “ಮುಖ್ಯವಾದುದೆಲ್ಲ ಡಿ ಡ್ರೈವ್‌ನಲ್ಲಿದೆಯಲ್ಲ ಸಾರ್?” ಎಂದು ಅಲ್ಲಿನ ಹುಡುಗ ಕೇಳಿದ. ನಾನು ಪ್ರಶ್ನೆ ಅರ್ಥವಾಗದ ವಿದ್ಯಾರ್ಥಿಯಂತೆ ತಲೆಯಾಡಿಸಿದೆ. ಮೂರು ದಿನ ಕಳೆದು ಯಂತ್ರ ಬಂತು. ಮೊಮ್ಮಕ್ಕಳ ಚಿತ್ರಗಳಿದ್ದವು, ಪಿಂಚಣಿಯ ಕಾಗದಗಳಿದ್ದವು. ಹಾಡುಗಳಿರಲಿಲ್ಲ. ಮತ್ತೆ ಅಂಗಡಿಗೆ ಓಡಿದೆ. ಹುಡುಗ ಸುಳ್ಳು ಹೇಳಲಿಲ್ಲ. “ಡೆಸ್ಕ್‌ಟಾಪ್‌ನಲ್ಲಿದ್ದ ಫೋಲ್ಡರ್ ತಾನೇ ಸಾರ್? ಕಾಪಿ ಮಾಡೋಣ ಅಂತ ತೆಗೆದು ನೋಡಿದೆ. ಒಳಗೆಲ್ಲಾ ಕಿರುಕ್ಕಲ್ ಆಗಿತ್ತು. ಕೆಟ್ಟುಹೋದ ಫೈಲು ಅಂತ ಬಿಟ್ಟುಬಿಟ್ಟೆ” ಎಂದ. ತಮಿಳಿನಲ್ಲಿ ಕಿರುಕ್ಕಲ್ ಎಂದರೆ ಗೀಚು. ಹಳೆಯ ಡಿಸ್ಕನ್ನು ಅಷ್ಟರಲ್ಲಾಗಲೇ ಪೂರ್ತಿ ಅಳಿಸಿ ಬೇರೊಬ್ಬರಿಗೆ ಮಾರಿಯಾಗಿತ್ತು.

ಈ ಮಾತುಗಳನ್ನು ಆ ಹುಡುಗ ನನ್ನೊಡನೆ ಆಡಿದ್ದು ಕನ್ನಡದಲ್ಲಿ! ನಮ್ಮ ನೇಕಾರರ ಮನೆಯ ಹುಡುಗ. ಅವನ ಅಜ್ಜಿಯ ಬಾಯಲ್ಲಿದ್ದಿರಬಹುದಾದ ಹಾಡುಗಳೇ ಆ ಕಡತದಲ್ಲಿದ್ದವು. ಅವನು ಕೇಡು ಬಗೆದವನಲ್ಲ. ಅವನ ಕಣ್ಣಿಗೆ ಅದು ಕನ್ನಡವಾಗಿ ಕಾಣಲೇ ಇಲ್ಲ. ಉಳಿದಿದ್ದ ಒಂದೆರಡು ನೋಟ್‌ಬುಕ್ಕುಗಳಿಂದ 46 ಹಾಡುಗಳನ್ನು ಮತ್ತೆ ಕೂಡಿಸಿಕೊಂಡೆ. ಉಳಿದ 94 ಹಾಡುಗಳನ್ನು ಹೇಳಿಕೊಟ್ಟ ತಾಯಂದಿರಲ್ಲಿ ಹೆಚ್ಚಿನವರು ಈಗ ಇಲ್ಲ. ಇರುವ ಇಬ್ಬರಿಗೆ ನೆನಪಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಆ ಮೇಲೆ ನಾನು ಈ ವಿದ್ಯೆಯನ್ನು ಕಲಿಯಲು ಕುಳಿತೆ. ಎಪ್ಪತ್ತು ದಾಟಿದವನಿಗೆ ಇದು ಅರ್ಥವಾಯಿತೆಂದರೆ ಯಾರಿಗಾದರೂ ಆದೀತು.

ಈ ಕಥೆಯಲ್ಲಿ ಮೂರು ತಪ್ಪುಗಳಿವೆ. ಅಳಿಸುವುದನ್ನೇ ಚಿಕಿತ್ಸೆಯೆಂದು ತಿಳಿದುದು ಒಂದು. ಒಂದೇ ಪ್ರತಿಯನ್ನು ನಂಬಿದುದು ಎರಡು. ಕನ್ನಡವನ್ನು ಕನ್ನಡವಲ್ಲದ ಸಂಕೇತಗಳಲ್ಲಿ ಬರೆದಿಟ್ಟುದು ಮೂರು. ಮೂರರಲ್ಲಿ ಒಂದು ಇಲ್ಲದಿದ್ದರೂ ಹಾಡುಗಳು ಉಳಿಯುತ್ತಿದ್ದವು. ಈ ಮೂರೂ ಇಂದು ನಮ್ಮ ಹೆಚ್ಚಿನ ಕನ್ನಡ ಸಂಘಗಳ ಕಚೇರಿಯಲ್ಲಿ, ನಮ್ಮ ಹೆಚ್ಚಿನ ಲೇಖಕರ ಮನೆಯಲ್ಲಿ ಹಾಗೆಯೇ ಇವೆ ಎಂಬುದು ನನ್ನ ಆರೋಪ.

ಮೊದಲನೆಯದನ್ನು ನೋಡೋಣ. ಯಂತ್ರ ನಿಧಾನವಾಯಿತೆ? ಫಾರ್ಮ್ಯಾಟ್. ವೈರಸ್ ಬಂತೆ? ಫಾರ್ಮ್ಯಾಟ್. ಹೊಸ ಭಾಗ ಹಾಕಬೇಕೆ? ಫಾರ್ಮ್ಯಾಟ್. ಬೀದಿಬೀದಿಯ ಅಂಗಡಿಗಳಲ್ಲಿ ಇದೊಂದೇ ಮದ್ದು. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟರು ಎಂಬ ಗಾದೆ ನಮ್ಮಲ್ಲಿದೆ. ಮನೆ ಸುಟ್ಟ ಮೇಲೆ ಇಲಿ ಇರುವುದಿಲ್ಲವೆಂಬುದು ನಿಜ. ಅಷ್ಟು ಮಾತ್ರಕ್ಕೆ ಅದನ್ನು ಇಲಿ ಹಿಡಿಯುವ ವಿದ್ಯೆ ಎನ್ನಲಾದೀತೆ? ಕೆಲಸ ಬೇಗ ಮುಗಿಯುತ್ತದೆ, ಅಂಗಡಿಯವರಿಗೆ ತಲೆನೋವಿಲ್ಲ. ಕಳೆದುಕೊಳ್ಳುವವರು ನಾವು.

ಕಾರ್ಯಾಚರಣಾ ವ್ಯವಸ್ಥೆ ಎಂದರೆ ಶಾಲೆಯ ಆಡಳಿತವಿದ್ದಂತೆ. ಯಾವ ಗಂಟೆಗೆ ಯಾವ ತರಗತಿ, ಯಾವ ಕೀಲಿ ಯಾರ ಕೈಯಲ್ಲಿ ಎಂಬುದನ್ನು ಅದು ನೋಡಿಕೊಳ್ಳುತ್ತದೆ. ನಮ್ಮ ಕಡತಗಳು ಮಕ್ಕಳಿದ್ದಂತೆ. ಮುಖ್ಯೋಪಾಧ್ಯಾಯರು ಬದಲಾದರೆಂದು ಮಕ್ಕಳಿಗೆಲ್ಲ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಶಾಲೆಯನ್ನು ನಾನು ಕಂಡಿಲ್ಲ. ಆದರೆ ವಿಂಡೋಸ್‌ನಲ್ಲಿ ಒಂದು ತೊಡಕಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂದು ನಾವು ಕಾಣುವ ಫೋಲ್ಡರುಗಳೆಲ್ಲ ಸಾಮಾನ್ಯವಾಗಿ ವ್ಯವಸ್ಥೆಯಿರುವ ಸಿ ಡ್ರೈವ್‌ನ ಒಳಗೇ ಇರುತ್ತವೆ. ಕಣ್ಣೆದುರಿಗೇ ಇದೆಯಲ್ಲ ಎಂದು ನಾವು ಡೆಸ್ಕ್‌ಟಾಪ್‌ನಲ್ಲಿ ಇಡುವ ಕಡತವೇ ಮೊದಲು ಬಲಿಯಾಗುವುದು. ‘ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತೇವೆ’ ಎಂಬ ಅಭಯವಚನದ ಅರ್ಥ ಇದು.

ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಶೀಘ್ರ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿಯ ಹಾಳೆಯನ್ನು ಮಾತ್ರ ಹರಿದಂತೆ. ಮೇಲೆ ಬೇರೇನನ್ನೂ ಬರೆಯದಿದ್ದರೆ ಬಲ್ಲವರು ಪುಟಗಳನ್ನು ಹುಡುಕಿ ತೆಗೆಯಬಲ್ಲರು. ಎಸ್‌ಎಸ್‌ಡಿಯ ಸ್ವಭಾವವೇ ಬೇರೆ. ಅಳಿಸಿದ ಜಾಗವನ್ನು ಅದು ಮುಂದಿನ ಬರವಣಿಗೆಗೆಂದು ತಾನೇ ತೊಳೆದಿಟ್ಟುಕೊಳ್ಳುತ್ತದೆ. ಅಲ್ಲಿ ಹೋದದ್ದು ಸಾಮಾನ್ಯವಾಗಿ ಹೋದಂತೆಯೇ. ಆದುದರಿಂದ ಹಿಂದೆ ಕ್ಷಮೆಯಿದ್ದ ಅಜಾಗರೂಕತೆಗೆ ಈಗ ಕ್ಷಮೆಯಿಲ್ಲ.

ಹಾಗಾದರೆ ಫಾರ್ಮ್ಯಾಟ್ ಇಲ್ಲದೆ ಕೆಲಸ ಆಗುವುದೆ? ಬಹುಪಾಲು ಆಗುತ್ತದೆ. ಮದರ್‌ಬೋರ್ಡ್ ಮಾತ್ರ ಬದಲಾಗಿ ಡಿಸ್ಕ್ ಹಳೆಯದೇ ಆಗಿದ್ದರೆ, ವಿಂಡೋಸ್ 10 ಮತ್ತು 11 ಅನೇಕ ಸಲ ಹೊಸ ಭಾಗಗಳನ್ನು ತಾವೇ ಗುರುತಿಸಿಕೊಂಡು ಎದ್ದು ನಿಲ್ಲುತ್ತವೆ. ಪರವಾನಗಿಯನ್ನು ಮಾತ್ರ ಮತ್ತೆ ಊರ್ಜಿತಗೊಳಿಸಬೇಕಾಗಬಹುದು. ವ್ಯವಸ್ಥೆ ಓಡುತ್ತಿದ್ದು ತೊಂದರೆ ಕೊಡುತ್ತಿದ್ದರೆ, ಅದರ ಒಳಗಿನಿಂದಲೇ ಸ್ಥಾಪನೆಯ ತಂತ್ರಾಂಶವನ್ನು ಓಡಿಸಿ ‘ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸು’ ಎಂಬುದನ್ನು ಆರಿಸಿಕೊಳ್ಳಬಹುದು. ಅದೂ ಸಾಲದಿದ್ದರೆ, ‘ಕಡತಗಳನ್ನು ಮಾತ್ರ ಉಳಿಸು’ ಎಂಬ ಮರುಹೊಂದಿಕೆಯ ದಾರಿಯಿದೆ. ಇಲ್ಲಿ ನಮ್ಮ ಕಾಗದಪತ್ರ ಉಳಿಯುತ್ತದೆ, ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಎಲ್ಲವನ್ನೂ ಅಳಿಸುವುದು ನಾಲ್ಕನೆಯ, ಕೊನೆಯ ದಾರಿ. ನಮ್ಮ ಅಂಗಡಿಗಳು ಅದನ್ನು ಮೊದಲನೆಯದಾಗಿ ಮಾಡಿಕೊಂಡಿವೆ. ನಾವು ಕೇಳುವವರಲ್ಲವಾದುದರಿಂದ ಅವರು ಹೇಳುವವರಲ್ಲ.

ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ಒಂದು ಹಾಸು ನೇಯ್ದು ಮುಗಿದಾಗ ನನ್ನ ತಂದೆ ಹಳೆಯ ಹಾಸಿನ ತುದಿಯನ್ನು ಪೂರ್ತಿ ಕಿತ್ತು ಎಸೆಯುತ್ತಿರಲಿಲ್ಲ. ಒಂದು ಗೇಣು ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುತ್ತಿದ್ದರು. ಸಾವಿರಾರು ಎಳೆ, ದಿನಗಟ್ಟಲೆ ಕೆಲಸ. ಬಾಲ್ಯದಲ್ಲಿ ನನಗೆ ಅದು ದಡ್ಡತನವೆಂದು ತೋರುತ್ತಿತ್ತು. ಮಗ್ಗದ ಒಳಗಿನ ಇಡೀ ಏರ್ಪಾಡು ಆ ಗೇಣುದ್ದದ ಹಳೆಯ ಎಳೆಗಳಲ್ಲಿ ನಿಂತಿದೆ, ಅದನ್ನು ಕಿತ್ತರೆ ಎಲ್ಲವನ್ನೂ ಮೊದಲಿನಿಂದ ಪೋಣಿಸಬೇಕು ಎಂದು ಆ ಮೇಲೆ ತಿಳಿಯಿತು. ಹೊಸದನ್ನು ಹಳೆಯದಕ್ಕೆ ಕೂಡಿಸುವ ಈ ವಿವೇಕವನ್ನು ಓದು ಬಾರದ ನೇಕಾರರು ಬಲ್ಲರು. ಪದವೀಧರರಾದ ನಾವು ಮರೆತಿದ್ದೇವೆ.

ಈ ಮಾತನ್ನು ಈಗಲೇ ಆಡಲು ಕಾರಣವಿದೆ. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ತನ್ನ ಬೆಂಬಲವನ್ನು ನಿಲ್ಲಿಸಿತು. 2020ರ ಜನವರಿ 14ರಂದು ವಿಂಡೋಸ್ 7ರ ಸರದಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರದು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಇತ್ತೀಚಿನ ಪೀಳಿಗೆಯ ಪ್ರೊಸೆಸರೂ ಇರಬೇಕು. ಹಾಗಾಗಿ ಮನೆಮನೆಯ ಹಳೆಯ ಯಂತ್ರಗಳು, 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಇನ್ನೂ ಉಸಿರಾಡುತ್ತಿರುವವು, ಎಲ್ಲವೂ ಅಂಗಡಿಯ ದಾರಿ ಹಿಡಿದಿವೆ. ಪ್ರತಿಯೊಂದು ಇಂತಹ ಪ್ರಯಾಣದಲ್ಲಿ ಯಾರದೋ ಕಥೆ, ಯಾರದೋ ಸಂಘದ ನಡಾವಳಿ, ಯಾರದೋ ಹಾಡು ಅಳಿಯುತ್ತಿದೆ. ಬೆಂಬಲ ನಿಂತಿತೆಂದರೆ ಯಂತ್ರ ಮರುದಿನವೇ ನಿಲ್ಲುವುದೆಂದು ಅರ್ಥವಲ್ಲ. ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ ಎಂದು ಮಾತ್ರ ಅರ್ಥ. ಬದಲಾಯಿಸಬೇಕು ನಿಜ, ಬೆದರಿ ಓಡಬೇಕಾಗಿಲ್ಲ.

ಇನ್ನು ಮೂರನೆಯ ತಪ್ಪಿಗೆ ಬರುತ್ತೇನೆ, ಏಕೆಂದರೆ ಅದು ಕನ್ನಡಿಗರದೇ ಆದ ತಪ್ಪು. ಕಡತವನ್ನು ಉಳಿಸಿಕೊಂಡರೂ ಕನ್ನಡ ಉಳಿಯದಿರುವ ಸಂದರ್ಭವಿದೆ. 1998ರಲ್ಲಿ ಬಂದ ಬರಹ, ಅದರ ಬೆನ್ನಿಗೇ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನನ್ನಂತಹವರು ಬೆರಳಚ್ಚು ಕಲಿಯುತ್ತಲೇ ಇರಲಿಲ್ಲ. ಆದರೆ ಆ ಕಾಲದ ಅಕ್ಷರಶೈಲಿಗಳು ಒಂದು ಉಪಾಯದಿಂದ ಕೆಲಸ ಮಾಡುತ್ತಿದ್ದವು. ಯಂತ್ರದ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ವೇಷ. ‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಈ ಪದ, ಆ ಶೈಲಿ ಇಲ್ಲದ ಯಂತ್ರದಲ್ಲಿ ಕಾಣುವ ಬಗೆ ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಇದನ್ನು ಕಂಡು ಕಿರುಕ್ಕಲ್ ಎಂದ ಹುಡುಗನನ್ನು ಯಾವ ಬಾಯಿಂದ ಬೈಯುವುದು?

ವ್ಯವಸ್ಥೆಯನ್ನು ಮರುಸ್ಥಾಪಿಸಿದಾಗ ನಾವು ಹಾಕಿಕೊಂಡಿದ್ದ ಅಕ್ಷರಶೈಲಿಗಳೂ ಹೋಗುತ್ತವೆ. ಕಡತ ಇದೆ, ವೇಷ ಹೋಯಿತು. ಮತ್ತೆ ನುಡಿಯನ್ನು ಹಾಕಿಕೊಂಡರೆ ಓದಬಹುದು ಎಂಬುದು ಸರಿ. ಆದರೆ ಇದು ನುಡಿಯದು, ಇದು ಬರಹದ್ದು, ಇದು ಮುದ್ರಣಾಲಯದ ಮತ್ತಾವುದೋ ಶೈಲಿಯದು ಎಂದು ತಿಳಿದವನು ಒಬ್ಬನಾದರೂ ಆ ಹೊತ್ತಿಗೆ ಬದುಕಿರಬೇಕು. ಲೇಖಕ ತೀರಿಕೊಂಡ ಮೇಲೆ ಮಕ್ಕಳು ಡಿಸ್ಕನ್ನು ತೆಗೆದು ನೋಡುತ್ತಾರೆ, ಗೀಚನ್ನು ಕಾಣುತ್ತಾರೆ, ಅಳಿಸುತ್ತಾರೆ.

ಧರ್ಮಪುರಿಯ ನಮ್ಮ ಹಿರಿಯರು ಇಂತಹ ಕೆಲಸ ಮಾಡಿರಲಿಲ್ಲ. ಅದು ತಗಡೂರು ಎನಿಸಿಕೊಂಡಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನೊಳಂಬರ ಆಳ್ವಿಕೆಯಲ್ಲಿ ಅಲ್ಲಿ ಕೊರೆಸಿದ ಕನ್ನಡ ಶಾಸನಗಳನ್ನು ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ಸಾವಿರ ವರ್ಷಗಳ ಮೇಲೂ ಅವು ಕನ್ನಡವೇ, ಏಕೆಂದರೆ ಕಲ್ಲಿನ ಮೇಲೆ ಇರುವುದು ಅಕ್ಷರ, ಅಕ್ಷರದ ವೇಷವಲ್ಲ. ನಾನು ಬರೆದುದು ಇಪ್ಪತ್ತು ವರ್ಷವೂ ಬಾಳಲಿಲ್ಲ. ಗಣಕದಲ್ಲಿ ಆ ಕಲ್ಲಿಗೆ ಹತ್ತಿರವಾದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟರು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಸೇಲಂನಲ್ಲಿಯೂ ಅದೇ, ಕಾಸರಗೋಡಿನಲ್ಲಿಯೂ ಅದೇ, ಅಮೆರಿಕೆಯಲ್ಲಿರುವ ಮೊಮ್ಮಗನ ಫೋನಿನಲ್ಲಿಯೂ ಅದೇ. ಆ ಸಂಖ್ಯೆ ಬೇರೆ ಯಾವ ಭಾಷೆಯ ಅಕ್ಷರವೂ ಆಗಲಾರದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಸೇರಿತ್ತು. ಅಂದರೆ ನಾನು ಹಾಡುಗಳನ್ನು ಬೆರಳಚ್ಚು ಮಾಡಲು ಕುಳಿತಾಗಲೇ ದಾರಿ ತೆರೆದಿತ್ತು. ನಾನು ನೋಡಲಿಲ್ಲ. ಯೂನಿಕೋಡ್‌ನಲ್ಲಿದ್ದಿದ್ದರೆ ಕನ್ನಡ ಓದಲು ಬಾರದ ಆ ಹುಡುಗನೂ ‘ಇದು ನಮ್ಮ ದೇವಸ್ಥಾನದ ಗೋಡೆಯಲ್ಲಿರುವ ಎಳುತ್ತು’ ಎಂದು ಗುರುತಿಸುತ್ತಿದ್ದ, ಬಿಟ್ಟುಬಿಡುವ ಮೊದಲು ನನಗೆ ಒಂದು ಫೋನು ಮಾಡುತ್ತಿದ್ದ.

ಇದನ್ನು ಸಂಘದ ಸಭೆಯಲ್ಲಿ ಹೇಳಿದಾಗ ಮೂರು ಆಕ್ಷೇಪಗಳು ಬಂದವು. ಮೂರಕ್ಕೂ ಉತ್ತರಿಸುತ್ತೇನೆ.

ನನ್ನ ವಯಸ್ಸಿನವರು ಹೇಳಿದ್ದು: ಅಚ್ಚಾದ ಪುಸ್ತಕವಿರುವಾಗ ಇದೆಲ್ಲ ಏಕೆ? ಅಚ್ಚಾದುದು ಉಳಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಹೊರನಾಡ ಲೇಖಕರ ಬರಹದಲ್ಲಿ ಅಚ್ಚಾಗುವುದೆಷ್ಟು? ಒಂದು ಸ್ಮರಣ ಸಂಚಿಕೆಗೆ ಬಂದ ಲೇಖನಗಳಲ್ಲಿ ಅರ್ಧ ಪುಟಾಭಾವದಿಂದ ಹೊರಗುಳಿಯುತ್ತವೆ. ಅಚ್ಚಾದ ಸಂಚಿಕೆಗಳಾದರೂ ಎಲ್ಲಿವೆ? ನಮ್ಮ ಸಂಘದ ಹಿಂದಿನ ಸಂಚಿಕೆಗಳ ಪೂರ್ತಿ ಕಟ್ಟು ಇಂದು ನಮ್ಮ ಬಳಿಯೇ ಇಲ್ಲ. ಕಾಗದವೂ ಇರಲಿ, ಕಡತವೂ ಇರಲಿ ಎಂಬುದೇ ನನ್ನ ವಾದ. ನೋಟ್‌ಬುಕ್ ಮಾರಿದವನು ಹೇಳುವ ಮಾತಿದು.

ಕಿರಿಯರು ಹೇಳಿದ್ದು: ಎಲ್ಲವೂ ಕ್ಲೌಡ್‌ನಲ್ಲಿದೆ ತಾತಾ, ಚಿಂತೆ ಬೇಡ. ಇರಲಿ, ಒಳ್ಳೆಯದೇ. ಆದರೆ ಒನ್‌ಡ್ರೈವ್‌ನಂತಹ ಏರ್ಪಾಡು ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಅಲ್ಲಿನ ಕಸದ ಬುಟ್ಟಿಯಲ್ಲಿ ಸ್ವಲ್ಪ ಕಾಲ ಮಾತ್ರ ಉಳಿಯುತ್ತದೆ. ಉಚಿತವಾಗಿ ಸಿಗುವ ಜಾಗ ಒನ್‌ಡ್ರೈವ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ ಅಂಚೆ ಮತ್ತು ಚಿತ್ರಗಳೂ ಸೇರಿ 15 ಜಿಬಿ. ಗುಪ್ತಪದ ಯಾರಿಗೂ ಹೇಳದೆ ಕಾರ್ಯದರ್ಶಿಗಳು ತೀರಿಕೊಂಡರೆ ಸಂಘದ ಭಂಡಾರಕ್ಕೆ ಬೀಗ ಬಿದ್ದಂತೆ. ಕ್ಲೌಡ್ ಒಂದು ಪ್ರತಿ, ಅಷ್ಟೇ. ಎಲ್ಲ ಪ್ರತಿಗಳಿಗೂ ಅದು ಬದಲಿಯಾಗಲಾರದು.

ಮುದ್ರಣದ ಅನುಭವಸ್ಥರು ಹೇಳಿದ್ದು: ಅಚ್ಚಿನವರು ನುಡಿಯಲ್ಲೇ ಕೇಳುತ್ತಾರೆ, ಯೂನಿಕೋಡ್ ಅವರ ಪೇಜ್‌ಮೇಕರಿನಲ್ಲಿ ಓಡುವುದಿಲ್ಲ. ಇದು ಮೂರರಲ್ಲಿ ಗಟ್ಟಿಯಾದ ಆಕ್ಷೇಪ. ಪೇಜ್‌ಮೇಕರ್ ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶ ಎಂಬುದು ನಿಜ. ಆದರೆ ಅದೇ ಕಂಪನಿಯ ಇನ್‌ಡಿಸೈನ್ ಇಂದು ಕನ್ನಡ ಯೂನಿಕೋಡನ್ನು ಜೋಡಿಸಬಲ್ಲದು. ಅಷ್ಟಕ್ಕೂ ಅಚ್ಚಿಗೆ ಕಳುಹಿಸುವ ಪ್ರತಿ ಬೇರೆ, ಕಾಪಿಟ್ಟುಕೊಳ್ಳುವ ಪ್ರತಿ ಬೇರೆ. ಮೂಲವನ್ನು ಯೂನಿಕೋಡ್‌ನಲ್ಲಿಡಿ. ಅಚ್ಚಿನವರಿಗೆ ಬೇಕಾದರೆ ಪರಿವರ್ತಿಸಿ ಕೊಡಿ. ಒಂದು ಅಂಗಡಿಯ ಹಳೆಯ ತಂತ್ರಾಂಶಕ್ಕಾಗಿ ಮುಂದಿನ ಪೀಳಿಗೆಯ ಓದನ್ನು ಒತ್ತೆಯಿಡಬೇಡಿ.

ಇನ್ನು ಮಾಡಬೇಕಾದುದೇನೆಂದು ಮೇಷ್ಟ್ರ ಹಳೆಯ ಅಭ್ಯಾಸದಂತೆ ಅಂಶಗಳಾಗಿ ಹೇಳುತ್ತೇನೆ. ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ ಇದನ್ನು ಒಮ್ಮೆ ಓದಿಕೊಳ್ಳಿ.

ಒಂದು: ನಕಲು ಮೊದಲು, ರಿಪೇರಿ ಆಮೇಲೆ. ಡೆಸ್ಕ್‌ಟಾಪ್ ಮೊದಲಾದ ಎಲ್ಲ ಫೋಲ್ಡರುಗಳನ್ನೂ ನೀವು ಬಳಸುವ ಕನ್ನಡ ಅಕ್ಷರಶೈಲಿಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಎರಡನೆಯ ನಕಲನ್ನು ಬೇರೊಂದು ಮನೆಯಲ್ಲಿಡಿ. ಒಂದೇ ಬೀರುವಿನಲ್ಲಿಟ್ಟ ಎರಡು ಪ್ರತಿಗಳನ್ನು ಒಂದೇ ಗೆದ್ದಲು ತಿನ್ನುತ್ತದೆ.

ಎರಡು: ನಕಲು ಮಾಡಿದೆನೆಂದು ಕೈತೊಳೆದುಕೊಳ್ಳಬೇಡಿ. ಇನ್ನೊಬ್ಬರ ಯಂತ್ರದಲ್ಲಿ ನಾಲ್ಕಾರು ಕಡತಗಳನ್ನು ತೆರೆದು ಕಣ್ಣಾರೆ ಓದಿ. ತೆರೆದು ಓದದ ನಕಲು, ತಿದ್ದದ ಉತ್ತರಪತ್ರಿಕೆಯಂತೆ. ಅದಕ್ಕೆ ಅಂಕವಿಲ್ಲ.

ಮೂರು: ಹೊಸ ಎಸ್‌ಎಸ್‌ಡಿ ಹಾಕಿಸುವುದಾದರೆ ಹಳೆಯ ಡಿಸ್ಕನ್ನು ಬಿಚ್ಚಿಸಿ ಕೈಗೆ ತೆಗೆದುಕೊಳ್ಳಿ. ಹೊಸದೊಂದನ್ನೇ ಜೋಡಿಸಿ ವ್ಯವಸ್ಥೆಯನ್ನು ಸ್ಥಾಪಿಸಲಿ. ಜೋಡಿಸದ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು. ಹೊಸ ಯಂತ್ರ ಆರು ತಿಂಗಳು ಸರಿಯಾಗಿ ನಡೆಯುವವರೆಗೆ ಹಳೆಯ ಡಿಸ್ಕ್ ಬೀರುವಿನಲ್ಲಿರಲಿ. ಅದಕ್ಕೆ ಅಂಗಡಿಯವರು ಕೊಡುವ ಬೆಲೆ ನಿಮ್ಮ ಒಂದು ಪುಟಕ್ಕೂ ಸಮವಲ್ಲ. ನಾನು ಇದೊಂದನ್ನು ಮಾಡಿದ್ದರೂ ಸಾಕಿತ್ತು.

ನಾಲ್ಕು: ಇಂದಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ತಾನಾಗಿಯೇ ಬಿದ್ದಿರುತ್ತದೆ, ಅದರ ಹೆಸರು ಬಿಟ್‌ಲಾಕರ್. ಮದರ್‌ಬೋರ್ಡ್ ಬದಲಾಯಿತೆಂದರೆ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಕೀಲಿಯಿಲ್ಲದಿದ್ದರೆ ಕಡತಗಳು ಇದ್ದೂ ಇಲ್ಲದಂತೆ. ರಿಪೇರಿಗೆ ಮೊದಲೇ ಆ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಬೀಗವನ್ನು ತೆಗೆಸಿ.

ಐದು: ಹೊಸ ಮದರ್‌ಬೋರ್ಡಿನಲ್ಲಿ ಹಳೆಯ ಡಿಸ್ಕಿನ ವಿಭಜನೆಯ ಕ್ರಮ ಹೊಂದುವುದಿಲ್ಲವೆಂದು ಕೆಲವೊಮ್ಮೆ ಸೂಚನೆ ಬರುತ್ತದೆ. ಆಗ ‘ಎಲ್ಲ ಅಳಿಸಿಯೇ ಆಗಬೇಕು’ ಎನ್ನುತ್ತಾರೆ. 2017ರಿಂದ ವಿಂಡೋಸ್‌ನಲ್ಲೇ ಎಂಬಿಆರ್‌ಟುಜಿಪಿಟಿ ಎಂಬ ಉಪಕರಣವಿದೆ. ಅದು ಕಡತಗಳನ್ನು ಅಳಿಸದೆ ಕ್ರಮವನ್ನು ಬದಲಿಸಿಕೊಡುತ್ತದೆ. ಅದರ ಹೆಸರನ್ನು ಹೇಳಿ ಕೇಳಿ. ಯಂತ್ರ ಏಳುವುದೇ ಇಲ್ಲವಾದರೆ, ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ಹಾಕಿ, ಬೀಗವಿಲ್ಲದ ಡಿಸ್ಕಿನ ಕಡತಗಳನ್ನು ಹೊರತೆಗೆಯಬಹುದು. ವಿಂಡೋಸ್ 11 ಒಗ್ಗದ ಹಳೆಯ ಯಂತ್ರಕ್ಕೆ ಲಿನಕ್ಸನ್ನೇ ಹಾಕಿಕೊಂಡರೂ ಆದೀತು. ಅದರಲ್ಲಿ ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಇದ್ದೇ ಇದೆ.

ಆರು: ಇಂದಿನಿಂದ ಬರೆಯುವುದೆಲ್ಲ ಯೂನಿಕೋಡ್‌ನಲ್ಲಿರಲಿ. ಹಿಂದಿನದನ್ನು ಪರಿವರ್ತಿಸಿ. ನುಡಿಯೊಡನೆಯೂ ಬರಹದೊಡನೆಯೂ ಪರಿವರ್ತಕಗಳು ಬಂದಿವೆ. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳ ಕಡೆ ತಪ್ಪುಗಳು ನುಸುಳುವುದುಂಟು. ಕುಳಿತು ತಿದ್ದಬೇಕು. ನಿವೃತ್ತರಾದ ನಮ್ಮಂತಹವರಿಗೆ ಇದಕ್ಕಿಂತ ಒಳ್ಳೆಯ ಸಂಧ್ಯಾಕಾಲದ ಕೆಲಸ ಯಾವುದಿದೆ?

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಪ್ರತಿ ಸಾಲದೆಂದು ಅವಳಿಗೆ ತಿಳಿದಿತ್ತು. ಓಲೆ ಜೀರ್ಣವಾಗುವ ಮುನ್ನ ಹೊಸ ಓಲೆಗೆ ನಕಲು ಮಾಡಿದ ಹೆಸರಿಲ್ಲದ ಲಿಪಿಕಾರರಿಂದಲೇ ನಮಗೆ ಪಂಪನೂ ರನ್ನನೂ ದಕ್ಕಿದರು. ಅವರು ಓಲೆಯನ್ನು ಬದಲಿಸಿದರು, ಬರಹವನ್ನು ಬಿಡಲಿಲ್ಲ. ನಮ್ಮ ಕೈಯಲ್ಲಿ ಒಂದು ಕ್ಷಣದಲ್ಲಿ ನೂರು ಪ್ರತಿ ತೆಗೆಯುವ ಯಂತ್ರವಿದೆ, ಒಂದು ಪ್ರತಿಯನ್ನೂ ಉಳಿಸುವ ಮನಸ್ಸಿಲ್ಲ.

ಆದುದರಿಂದ ಈ ಸಮ್ಮೇಳನದ ಮುಂದೆ ನನ್ನ ಒಂದು ಬೇಡಿಕೆಯಿದೆ. ಪ್ರತಿವರ್ಷವೂ ನಾವು ನಿರ್ಣಯಗಳನ್ನು ಅಂಗೀಕರಿಸುತ್ತೇವೆ. ಅವುಗಳಲ್ಲಿ ಹೆಚ್ಚಿನವು ಎರಡು ರಾಜ್ಯಗಳ ಸರ್ಕಾರಗಳು ಏನು ಮಾಡಬೇಕೆಂಬುದಾಗಿರುತ್ತವೆ. ಈ ಸಲ ನಾವೇ ಮಾಡಬೇಕಾದ ಒಂದನ್ನು ಸೇರಿಸೋಣ. ಸಂಘದ ಎಲ್ಲ ಕಡತಗಳನ್ನು ಯೂನಿಕೋಡ್‌ಗೆ ತಂದು, ಮೂವರು ಸದಸ್ಯರ ಮನೆಗಳಲ್ಲಿ ಮೂರು ಪ್ರತಿಗಳನ್ನಿಟ್ಟು, ವರ್ಷಕ್ಕೊಮ್ಮೆ ತೆರೆದು ಓದಿ ನೋಡುವ ಜವಾಬ್ದಾರಿಯನ್ನು ಇಬ್ಬರಿಗೆ ವಹಿಸೋಣ. ಒಬ್ಬರು ನನ್ನಂತಹ ಮುದುಕರಾಗಲಿ, ಇನ್ನೊಬ್ಬರು ಆ ಅಂಗಡಿಯ ಹುಡುಗನಂತಹವರಾಗಲಿ.

ಆ ಹುಡುಗ ಈಗ ಭಾನುವಾರಗಳಂದು ನಮ್ಮ ಮನೆಗೆ ಬರುತ್ತಾನೆ. ಯಂತ್ರದ ಭಾಷೆಯನ್ನು ಅವನು ನನಗೆ ಹೇಳಿಕೊಡುತ್ತಾನೆ, ಕನ್ನಡದ ಅಕ್ಷರಗಳನ್ನು ನಾನು ಅವನಿಗೆ. ಕಳೆದ ತಿಂಗಳು ಉಳಿದ 46 ಹಾಡುಗಳಲ್ಲಿ ಒಂದನ್ನು ಪರದೆಯ ಮೇಲೆ ತಾನಾಗಿಯೇ ಕೂಡಿಸಿ ಓದಿದ. ನಡುವೆ ನಿಲ್ಲಿಸಿ, “ಸಾರ್, ಇದನ್ನು ನಮ್ಮ ಅವ್ವ ಹಾಡೋಳು” ಎಂದ. ಉಳಿದ 94ರಲ್ಲಿ ಯಾವಯಾವುದನ್ನು ಹಾಡುತ್ತಿದ್ದರೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.